ಹಸಿರು ಪುಡಿಯೂ ಇಬ್ಬರ ಫಿಲ್ಟರೂ

ಯಾವುದೇ ವಸ್ತುವನ್ನು ಅದು ಇದ್ದ ಹಾಗೆ ಒಪ್ಪಿಕೊಳ್ಳುವ ಔದಾರ್ಯವನ್ನು ದೇವರು ನನಗೆ ದಯಪಾಲಿಸಿಲ್ಲ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸದೆ, ಕಲ್ಲಂಗಡಿಯನ್ನು ಬೆರಳಿನಿಂದ ತಟ್ಟದೆ, ಬೆಂಡೆಕಾಯಿಯ ತುದಿಯನ್ನು ಮುರಿಯದೆ ನಾನು ಮನೆಗೆ ತಂದದ್ದಿಲ್ಲ. ಮಾರೇನಹಳ್ಳಿಯಲ್ಲಿ ತಳ್ಳುಗಾಡಿಯ ತರಕಾರಿಯವನು ಒಮ್ಮೆ, "ಸಾರ್, ತುದಿ ಎಲ್ಲಾ ಮುರಿದಾಯ್ತು. ಇನ್ನು ಒಗ್ಗರಣೆ ಒಂದೇ ಬಾಕಿ. ಸ್ಟವ್ ತರಿಸ್ಲಾ?" ಎಂದು ವಿನಯದಿಂದ ಕೇಳಿದ್ದ. ನಾನು ಅದಕ್ಕೂ ಬೇಸರಪಟ್ಟುಕೊಳ್ಳದೆ ಇನ್ನೊಂದು ಬೆಂಡೆಕಾಯಿ ಮುರಿದೆ. ಅದು ಬಲಿತಿತ್ತು. ಪಕ್ಕಕ್ಕಿಟ್ಟೆ.

ಇದು ಹುಟ್ಟುಗುಣವಲ್ಲ, ವೃತ್ತಿದೋಷ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಕೂತು, ಕೂತು, ಕೊನೆಗೆ ಅಲ್ಲಿಂದಲೇ ಹಾರ ಹಾಕಿಸಿಕೊಂಡು ಎದ್ದುಬಂದವನು ನಾನು. ಯಂತ್ರದಿಂದ ಇಳಿದ ಬಿಡಿಭಾಗಗಳನ್ನು ಅಳೆದು ನೋಡುವುದು, ಅಳತೆಗೆ ಬಂದರೆ ಪಾಸು, ಬಾರದಿದ್ದರೆ ಕೆಂಪು ಬಣ್ಣ ಬಳಿದು ರಿಜೆಕ್ಟು. ಇಷ್ಟೇ ನನ್ನ ಕಾಯಕ. ಈ ಕಾಯಕದಲ್ಲಿ ನಾನು ಪ್ರಾಣಕ್ಕಿಂತ ಹೆಚ್ಚಾಗಿ ಪಾಲಿಸಿದ ನಿಯಮ ಒಂದೇ: ತಪಾಸಣೆ ಮಾಡುವವನು ಮಾಲನ್ನು ರಿಪೇರಿ ಮಾಡಕೂಡದು. ಸೂಪರ್‌ವೈಸರುಗಳು ಬಂದು, "ಸಾರ್, ಅಂಚಲ್ಲಿ ಒಂಚೂರು ತರಿತರಿ ಗರಿ ಉಳಿದಿದೆ ಅಷ್ಟೇ. ಎರಡು ಸಲ ಅರ ಆಡಿಸಿಬಿಟ್ರೆ ಸರಿಹೋಗುತ್ತೆ. ಮಾಲು ನಿಮ್ಮ ಕೈಲೇ ಇದೆಯಲ್ಲ, ನೀವೇ ಆಡಿಸಿಬಿಡಿ" ಎಂದು ಗೋಗರೆಯುತ್ತಿದ್ದರು. "ಅರ ಹಿಡಿದವನು ಫಿಟ್ಟರ್ ಆಗ್ತಾನೆ ಕಣಯ್ಯ, ಇನ್ಸ್‌ಪೆಕ್ಟರ್ ಆಗಿ ಉಳಿಯಲ್ಲ" ಎಂದು ನಾನು ಕೆಂಪು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ನನ್ನ ಬೀಳ್ಕೊಡುಗೆಯ ದಿನ ಆ ಸೂಪರ್‌ವೈಸರುಗಳು ತೋರಿಸಿದ ಸಂತೋಷದಲ್ಲಿ ಕಪಟವಿರಲಿಲ್ಲ.

ಇಷ್ಟು ಪೀಠಿಕೆ ಯಾಕೆಂದರೆ, ಈ ನಿಯಮ ಈಚೆಗೆ ನಮ್ಮ ಮೂಡಲಪಾಳ್ಯದ ಮನೆಯ ಅಡುಗೆಕೋಣೆಯಲ್ಲಿ ಮುರಿದುಬಿತ್ತು. ಮುರಿದದ್ದು ಒಂದು ಹಸಿರು ಪುಡಿಯಿಂದ.

ಪುಡಿಯ ಕಥೆಗೆ ಮೊದಲು ಫಿಲ್ಟರಿನ ಕಥೆ ಹೇಳಬೇಕು. ನಮ್ಮ ಮನೆಯ ಕಾಫಿ ಫಿಲ್ಟರು ಹಿತ್ತಾಳೆಯದು, ಅಮ್ಮನ ಕಾಲದ್ದು, ಮನೆ ತುಂಬ ಜನ ಇದ್ದಾಗ ಕೊಂಡದ್ದು. ಈಗ ಇರುವವರು ನಾನು ಮತ್ತು ನನ್ನ ಹೆಂಡತಿ ವಿಶಾಲಾಕ್ಷಿ. ಫಿಲ್ಟರುಗಳ ಸ್ವಭಾವ ಬಲ್ಲವರಿಗೆ ಹೇಳಬೇಕಿಲ್ಲ: ತೂತಿನ ತಟ್ಟೆಯ ಮೇಲೆ ಪುಡಿ ಒಂದಿಷ್ಟು ದಪ್ಪಕ್ಕೆ ಕೂರಬೇಕು. ಆಗಲೇ ನೀರು ತಡೆದು ತಡೆದು ಇಳಿದು ಡಿಕಾಕ್ಷನ್ ಅನ್ನಿಸಿಕೊಳ್ಳುತ್ತದೆ. ಇಬ್ಬರಿಗೆ ಬೇಕಾದಷ್ಟು ಪುಡಿ ಹಾಕಿದರೆ ನಮ್ಮ ಫಿಲ್ಟರಿನ ಮಾನ ಅಂತೂ ಇಂತೂ ಮುಚ್ಚುತ್ತದೆ. ಒಬ್ಬರಿಗಾಗುವಷ್ಟು ಹಾಕಿದಿರೋ, ಮೇಲೆ ಹುಯ್ದ ನೀರು ಪುಡಿಗೆ ನಮಸ್ಕಾರ ಮಾಡಿ ನೇರವಾಗಿ ಕೆಳಗಿಳಿದುಬಿಡುತ್ತದೆ. ಬೆಳಿಗ್ಗೆ ನಾನು ಎದ್ದು ಡಿಕಾಕ್ಷನ್ ಹಾಕುವುದು, ಅವಳು ಎದ್ದು ಹಾಲು ಕಾಯಿಸುವುದು, ಇಬ್ಬರೂ ಬಾಲ್ಕನಿಯ ಬೆತ್ತದ ಕುರ್ಚಿಗಳಲ್ಲಿ ಕೂತು ಏನೂ ಮಾತಾಡದೆ ಕುಡಿಯುವುದು. ನಮ್ಮ ದಾಂಪತ್ಯದ ಅತ್ಯುತ್ತಮ ಸಂಭಾಷಣೆಗಳೆಲ್ಲ ಆ ಮೌನದಲ್ಲೇ ನಡೆದಿವೆ.

ವಿಶಾಲಾಕ್ಷಿ ನಿವೃತ್ತ ಶಾಲಾ ಶಿಕ್ಷಕಿ. ಅವಳೂ ಅವಳ ಗೆಳತಿ ಪ್ರಮೀಳಾ ಅವರೂ ಬೆಳಿಗ್ಗೆ ಜ್ಞಾನಭಾರತಿ ಕ್ಯಾಂಪಸ್ಸಿನ ಮರಗಳ ನೆರಳಲ್ಲಿ ನಡೆಯಲು ಹೋಗುತ್ತಾರೆ. ನಡಿಗೆಯಿಂದ ಆರೋಗ್ಯ ಬರುತ್ತದೋ ಇಲ್ಲವೋ, ಆರೋಗ್ಯದ ಬಗ್ಗೆ ಅಭಿಪ್ರಾಯಗಳಂತೂ ಧಾರಾಳವಾಗಿ ಬರುತ್ತವೆ. ಈ ಹಿಂದೆ ಬೂದುಗುಂಬಳದ ರಸ ಬಂದಿತ್ತು, ನೆನೆಸಿದ ಮೆಂತ್ಯ ಬಂದಿತ್ತು, ಬಂದ ಹಾಗೇ ಹೋಗಿದ್ದವು. ಒಂದು ದಿನ ಅವಳು ನಡಿಗೆ ಮುಗಿಸಿ ಬಂದವಳೇ ಚೀಲದಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು.

"ಇದು ಮಾಚಾ ಅಂತ ರೀ. ಜಪಾನಿನವರು ಕುಡಿಯೋ ಟೀ. ಎಲೇನೇ ನುಣ್ಣಗೆ ಬೀಸಿರೋದು. ಪ್ರಮೀಳಾ ಎದೆಯುರಿ ಇದರಿಂದ್ಲೇ ಹೋಯ್ತಂತೆ."

"ಎದೆಯುರಿ ಅವರಿಗಿತ್ತಾ? ಅವರ ಯಜಮಾನರಿಗಿತ್ತು ಅಂತ ಕೇಳಿದ್ದೆ."

"ನಂಗೂ ಇದೆಯಲ್ಲ. ನಾಳೆಯಿಂದ ನಾನು ಕಾಫಿ ಬಿಟ್ಟೆ" ಎಂದಳು. ಬೀದಿಯಲ್ಲಿ ಕಸದ ಗಾಡಿ ಹೋಯಿತು ಎಂದು ಹೇಳುವ ಧ್ವನಿಯಲ್ಲಿ.

ಅಂಗಡಿಯಲ್ಲಿದ್ದ ಮಾಚಾಗಳಲ್ಲೆಲ್ಲ ಅತಿ ಅಗ್ಗದ್ದು ಇದೇ ಅಂತೆ. ರೂಢಿಯಾದರೆ ಮುಂದೆ ಒಳ್ಳೆಯದು ತಂದರಾಯಿತು ಎಂಬುದು ಅವಳ ಲೆಕ್ಕ. ಪೊಟ್ಟಣದ ಮೇಲೆ ಹಿಮ ಹೊದ್ದ ಒಂದು ಪರ್ವತ, ಒಂದು ಕೊಕ್ಕರೆ, ಮತ್ತು ಚಿನ್ನದ ಅಕ್ಷರಗಳಲ್ಲಿ "ಪ್ರೀಮಿಯಂ" ಎಂಬ ಘೋಷಣೆ. ಪರೀಕ್ಷೆಗೆ ಕೂತವನೇ ತನಗೆ ತಾನೇ ಡಿಸ್ಟಿಂಕ್ಷನ್ ಕೊಟ್ಟುಕೊಂಡ ಹಾಗಿತ್ತು. ನನ್ನ ವೃತ್ತಿಯವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಎದ್ದೆ. ಅವಳದನ್ನೂ ನಾನೇ ಮಾಡಿಟ್ಟರೆ ಸೌಜನ್ಯವೂ ಆಯಿತು, ವಿಷಯವೂ ತಿಳಿಯಿತು ಎಂದುಕೊಂಡು, ಆ ಹಸಿರು ಪುಡಿಯನ್ನು ಫಿಲ್ಟರಿಗೆ ಹಾಕಿದೆ. ಪುಡಿ ಎಂದ ಮೇಲೆ ಫಿಲ್ಟರು. ನಮ್ಮ ಮನೆಯಲ್ಲಿ ಇದರ ಬಗ್ಗೆ ಎರಡನೆಯ ಅಭಿಪ್ರಾಯ ಇದ್ದದ್ದಿಲ್ಲ. ಮೇಲೆ ಬಿಲ್ಲೆಯಿಟ್ಟು ಒತ್ತಿ, ಕುದಿಯುವ ನೀರು ಹುಯ್ದು, ಮುಚ್ಚಳ ಮುಚ್ಚಿ, ಪತ್ರಿಕೆ ಓದಲು ಕೂತೆ. ಪತ್ರಿಕೆಯಲ್ಲಿ ಶ್ರದ್ಧಾಂಜಲಿಗಳವರೆಗೂ ಓದಿ ಮುಗಿಸಿ ಬಂದು ನೋಡಿದರೆ ಕೆಳಗಿನ ಪಾತ್ರೆ ಒಣಗಿತ್ತು. ಒಂದು ತೊಟ್ಟೂ ಇಳಿದಿರಲಿಲ್ಲ. ತಟ್ಟಿದೆ. ಊದಿದೆ. ಕಾರ್ಖಾನೆಯಲ್ಲಿ ಜಾಮ್ ಆದ ಯಂತ್ರಕ್ಕೆ ಮಾಡುತ್ತಿದ್ದ ಹಾಗೆ ಪಕ್ಕಕ್ಕೊಂದು ಗುದ್ದು ಕೊಟ್ಟೆ. ಆಗ ಒಳಗಿನಿಂದ ಕೆರೆಯ ದಡದ ಕೆಸರಿನಿಂದ ಎಮ್ಮೆ ಕಾಲೆತ್ತಿದಂಥ ಒಂದು ಶಬ್ದ ಬಂದು, ಪಾಚಿಯಂಥದ್ದು ಒಟ್ಟಿಗೆ ಕೆಳಗೆ ಬಿತ್ತು.

ವಿಶಾಲಾಕ್ಷಿ ಬಾಗಿಲಲ್ಲಿ ನಿಂತಿದ್ದಳು. "ಅದನ್ನ ಸೋಸೋ ಹಾಗಿಲ್ಲ ರೀ. ಪುಡೀನೇ ಕಲಸಿ ಕುಡಿಯೋದು."

"ಚರಟದ ಸಮೇತ?"

"ಚರಟಾನೇ ಟೀ."

ಆಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿದರೂ ಫಿಲ್ಟರಿನ ತೂತುಗಳಿಂದ ಆ ವಾಸನೆ ಹೋಗಲಿಲ್ಲ. ಅದೇ ಫಿಲ್ಟರಿನಲ್ಲಿ ಒಬ್ಬನಿಗಾಗುವಷ್ಟು ಪುಡಿ ಹಾಕಿ ಇಳಿಸಿದ ನನ್ನ ಕಾಫಿ ಹೇಗಿತ್ತೆಂದರೆ, ಯಾರೋ ಪಾರ್ಕಿನ ಹುಲ್ಲಿನ ಮೇಲೆ ಕಾಫಿ ಚೆಲ್ಲಿ ಅದನ್ನು ಬಟ್ಟೆಯಲ್ಲಿ ಹಿಂಡಿ ಕೊಟ್ಟ ಹಾಗಿತ್ತು. ವಿಶಾಲಾಕ್ಷಿ ತನ್ನ ಮಾಚಾವನ್ನು ಚಮಚದಲ್ಲಿ ಕಲಕಿ, ಮುಖ ಕಿವುಚಿಕೊಂಡು, ಔಷಧಿಯಂತೆ ಕುಡಿದಳು. ನನ್ನ ಲೋಟ ನೋಡಿ, "ಒಬ್ಬರಿಗಾಗೋ ಪುಟ್ಟ ಫಿಲ್ಟರ್ ಸಿಗುತ್ತಲ್ಲ ರೀ, ತಂದುಬಿಡೋಣ" ಎಂದಳು.

ಒಬ್ಬರ ಫಿಲ್ಟರು! ಬ್ಯಾಚುಲರ್ ರೂಮುಗಳ ಕಿಟಕಿಯಲ್ಲಿ, ಶೇವಿಂಗ್ ಬ್ರಶ್ಶಿನ ಪಕ್ಕ ಒಣಗುವ ವಸ್ತು ಅದು. ಮದುವೆಯಾಗಿ, ಮಗಳ ಮದುವೆ ಮಾಡಿ, ಈ ವಯಸ್ಸಿನಲ್ಲಿ ನಾನು ಒಬ್ಬರ ಫಿಲ್ಟರು ಕೊಂಡು ಮನೆಗೆ ಬರುವುದೆ? ಆದರೆ ಹೆಂಡತಿಗೆ "ನನ್ನ ಜೊತೆ ಕಾಫಿ ಕುಡಿ" ಎಂದು ಬಾಯಿಬಿಟ್ಟು ಕೇಳುವ ಸಂಪ್ರದಾಯ ನನ್ನ ತಲೆಮಾರಿನಲ್ಲಿ ಬೆಳೆದುಬಂದಿಲ್ಲ. ನನಗೆ ಗೊತ್ತಿದ್ದ ದಾರಿ ಒಂದೇ. ಮಾಲನ್ನು ತಪಾಸಣೆ ಮಾಡುವುದು, ಅಗ್ಗದ ಮಾಲು ಹೇಗೂ ಕಳಪೆ ಎಂದು ಸಾಬೀತುಪಡಿಸುವುದು, ಕೆಂಪು ಬಣ್ಣ ಬಳಿದು ಹೊರಗೆ ಹಾಕುವುದು. ಆಗ ಅವಳು ತಾನಾಗಿಯೇ ಕಾಫಿಗೆ ಮರಳುತ್ತಾಳೆ. ನನ್ನ ಸ್ವಾರ್ಥ ಎಲ್ಲಿಯೂ ಕಾಣಿಸುವುದಿಲ್ಲ. ಎಲ್ಲವೂ ಶಿಸ್ತುಬದ್ಧ.

ತಪಾಸಣೆಗೆ ಮೊದಲು ಮಾನದಂಡ ಬೇಕು. ಕೆಂಗೇರಿಯಲ್ಲಿರುವ ಮಗಳು ಸುಮಾಗೆ ಫೋನ್ ಮಾಡಿದೆ. ಅವಳು ಈ ಬಗೆಯ ನವೀನ ಪಾನೀಯಗಳಲ್ಲಿ ಪಳಗಿದವಳು.

"ಅಪ್ಪಾ, ಒಳ್ಳೇ ಮಾಚಾ ಹಸಿರು ಅಂದ್ರೆ ಕಣ್ಣಿಗೆ ಹೊಡೆಯೋ ಹಸಿರು ಇರ್ಬೇಕು. ಹಳದಿಗೆ ತಿರುಗಿದ್ರೆ ಹಳೇದು, ಇಲ್ಲಾ ಮಾಮೂಲಿ ಎಲೆ ಬೀಸಿರೋದು. ಮುಟ್ಟಿದ್ರೆ ಪೌಡರ್ ಥರ ಇರ್ಬೇಕು, ತರಿ ತರಿ ಇರಬಾರ್ದು. ಎಳೇ ಹುಲ್ಲಿನ ವಾಸನೆ ಬರ್ಬೇಕು, ಒಣಹುಲ್ಲಿಂದಲ್ಲ. ಸಣ್ಣ ನೊರೆ ಬಂದು ನಿಲ್ಬೇಕು. ಮತ್ತೆ ಹಿಂದುಗಡೆ ಓದಿ, ಸಕ್ಕರೆ ಗಿಕ್ಕರೆ ಸೇರಿಸಿರ್ತಾರೆ."

"ಕಹಿ?"

"ಸ್ವಲ್ಪ ಇರುತ್ತೆ. ತುಂಬಾ ಇದ್ರೆ ಪುಡಿ ಸರಿ ಇಲ್ಲ. ಇಲ್ಲಾ ನೀವು ಕುದಿಯೋ ನೀರು ಹಾಕಿದೀರ. ಅದಿರ್ಲಿ, ನೀವ್ಯಾಕಪ್ಪ ಇದನ್ನೆಲ್ಲ ಕೇಳ್ತಿದೀರ? ಅಮ್ಮ ಹುಷಾರಾಗಿದಾಳಾ?"

"ಅಮ್ಮ ಹುಷಾರಾಗಿದಾಳೆ. ಪುಡಿ ಹುಷಾರಿಲ್ಲ" ಎಂದು ಫೋನಿಟ್ಟೆ.

ಮಧ್ಯಾಹ್ನ ವಿಶಾಲಾಕ್ಷಿ ಮಲಗಿದ ಮೇಲೆ ಬಾಲ್ಕನಿಯ ಬೆಳಕಿನಲ್ಲಿ ತಪಾಸಣೆಗೆ ಕೂತೆ. ಮೊದಲು ಹಿಂಬದಿಯ ಸಣ್ಣ ಅಕ್ಷರ ಓದಿದೆ. ಭೂತಗನ್ನಡಿ ಹಿಡಿದು ಹುಡುಕಿದರೂ ಸಕ್ಕರೆಯ ಸುಳಿವಿಲ್ಲ. ಎಲೆಯೊಂದೇ. ಸ್ವಲ್ಪ ನಿರಾಶೆಯಾಯಿತು. ಬಣ್ಣ ನೋಡಲು ಬಿಳಿ ಹಾಳೆಯ ಮೇಲೆ ಒಂದು ಚಮಚ ಪುಡಿ ಹರಡಿದೆ. ಕಾರ್ಖಾನೆಯಲ್ಲಾದರೆ ಹೋಲಿಸಲು ಒಂದು ಮಾದರಿ ಇರುತ್ತಿತ್ತು. ಇಲ್ಲಿ ಏನಿದೆ? ಅಡುಗೆಮನೆಯಲ್ಲಿದ್ದ ನುಗ್ಗೆಸೊಪ್ಪಿನ ಪುಡಿ, ಕರಿಬೇವಿನ ಚಟ್ನಿಪುಡಿ, ಸಾಲದ್ದಕ್ಕೆ ಕುಂಡದಿಂದ ಕಿತ್ತ ಒಂದು ದೊಡ್ಡಪತ್ರೆ ಎಲೆ, ಎಲ್ಲವನ್ನೂ ಪಕ್ಕಪಕ್ಕದಲ್ಲಿ ಇಟ್ಟೆ. ಚಟ್ನಿಪುಡಿಗಿಂತ ಹಸಿರು, ದೊಡ್ಡಪತ್ರೆಗಿಂತ ಮಂಕು. ಕಣ್ಣಿಗೆ ಹೊಡೆಯುವುದಿರಲಿ, ಕಣ್ಣು ತಪ್ಪಿಸಿ ಓಡಾಡುವಂಥ ಹಸಿರು. ಸಂತೋಷವಾಯಿತು. ಮೂಗಿಗೆ ಹಿಡಿದೆ. ಎಳೆಯದೂ ಅಲ್ಲದ, ಒಣಗಿದ್ದೂ ಅಲ್ಲದ, ನಡುವಯಸ್ಸಿನ ಹುಲ್ಲು.

ನುಣುಪು ನೋಡುವುದು ಹೇಗೆ? ನುಣುಪಿಗೆ ನಮ್ಮಲ್ಲಿ ವಿಭೂತಿಗಿಂತ ದೊಡ್ಡ ಪ್ರಮಾಣವಿಲ್ಲ. ಚರ್ಮದ ಗೆರೆಗಳಲ್ಲಿ ಕೂರಬೇಕು, ಕೊಡವಿದರೆ ಉದುರಬಾರದು. ಮೂರು ಬೆರಳಲ್ಲಿ ಮಾಚಾ ತೆಗೆದುಕೊಂಡು ಎಡ ಮುಂಗೈ ಮೇಲೆ ಎಳೆದು, ಬೆಳಕಿಗೆ ಹಿಡಿದು ಪರಿಶೀಲಿಸುತ್ತಿದ್ದೆ. ಅಷ್ಟರಲ್ಲಿ ಕೆಳಗಿನ ಮನೆಯ ರುದ್ರಪ್ಪನವರು ಒಣಗಿದ ಬಟ್ಟೆ ತರಲೆಂದು ತಾರಸಿಗೆ ಹೋಗುವವರು ಬಾಲ್ಕನಿ ಪಕ್ಕದ ಮೆಟ್ಟಿಲಲ್ಲೇ ನಿಂತರು. ಅವರ ಹಣೆಯ ಮೇಲೆ ಎಂದಿನಂತೆ ಶುಭ್ರವಾದ ವಿಭೂತಿ.

"ಏನ್ ಸಾರ್ ಇದು, ಹಸಿರು?" ಎಂದರು, ದನಿ ತಗ್ಗಿಸಿ. "ಹೊಸದಾಗಿ ಯಾರಾದ್ರೂ ಗುರುಗಳು ಸಿಕ್ಕಿದ್ರಾ?"

"ಇಲ್ಲ ಸಾರ್. ಟೀ ಪುಡಿ. ನುಣುಪು ನೋಡ್ತಿದ್ದೆ."

ರುದ್ರಪ್ಪನವರು ಸಜ್ಜನರು. ಇನ್ನೊಬ್ಬರ ನಂಬಿಕೆಯ ವಿಷಯಕ್ಕೆ ಹೋಗುವವರಲ್ಲ. "ಆಗ್ಲಿ ಸಾರ್, ಒಳ್ಳೇದಾಗ್ಲಿ" ಎಂದು ಮೆಟ್ಟಿಲು ಹತ್ತಿದರು. ಅಂದಿನಿಂದ ನನಗೆ ಅವರು ಮೊದಲಿಗಿಂತ ಬಗ್ಗಿ ನಮಸ್ಕಾರ ಮಾಡುತ್ತಾರೆ.

ಪುಡಿ ಬಹುಪಾಲು ನುಣ್ಣಗಿತ್ತು. ಆದರೆ ಅಲ್ಲಲ್ಲಿ ತರಿ. ಕಾರ್ಖಾನೆಯ ಭಾಷೆಯಲ್ಲಿ ಹೇಳಿದರೆ ಅಂಚಿನಲ್ಲಿ ಗರಿ. ಇಲ್ಲಿಗೇ ನಿಲ್ಲಿಸಿ ತೀರ್ಪು ಕೊಟ್ಟಿದ್ದರೆ ನಾನು ಗೆದ್ದಿರುತ್ತಿದ್ದೆ. ಆದರೆ ನನಗೊಂದು ವೃತ್ತಿಪರ ಸಂಶಯ ಬಂತು. ತರಿ ಇರುವುದು ಎಷ್ಟು ಪಾಲು? ಅದನ್ನು ಬೇರ್ಪಡಿಸದೆ ತಿಳಿಯುವುದು ಹೇಗೆ? ಅಜ್ಜಿಯ ಕಾಲದಲ್ಲಿ ಚೂರ್ಣಗಳನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದುದು ನೆನಪಿಗೆ ಬಂತು. ಹಳೆಯ ಮಲ್ಲು ಪಂಚೆಯ ತುಂಡೊಂದನ್ನು ಡಬ್ಬಿಯ ಬಾಯಿಗೆ ಕಟ್ಟಿ, ಮೇಲೆ ಪುಡಿ ಸುರಿದು, ಬೆರಳಲ್ಲಿ ಮೆಲ್ಲಗೆ ಆಡಿಸಿದೆ. ಬಟ್ಟೆಯ ಮೇಲೆ ಒಂದಿಷ್ಟು ತರಿ ಉಳಿಯಿತು. ಕೆಳಗೆ ಬಿದ್ದದ್ದು ಮುಟ್ಟಿದರೆ ಬೆರಳಿಗೇ ತಿಳಿಯದಷ್ಟು ನಯವಾಗಿತ್ತು. ಬಟ್ಟೆಯ ಮೇಲಿನದು ಸಾಕ್ಷ್ಯ. ಅದನ್ನು ಜೋಪಾನವಾಗಿ ಪೊಟ್ಟಣ ಕಟ್ಟಿದೆ. ಕೆಳಗಿನದನ್ನು ಗಾಳಿಯಾಡದ ಸ್ಟೀಲ್ ಡಬ್ಬಿಗೆ ಹಾಕಿ ಕತ್ತಲೆಯ ಮೂಲೆಯಲ್ಲಿಟ್ಟೆ. ಬಿಸಿಲು ತಾಗಿದರೆ ಬಣ್ಣ ಇನ್ನೂ ಕೆಡುತ್ತದಂತೆ, ಕೆಟ್ಟರೆ ನಾನು ಕೆಡಿಸಿದೆ ಎಂಬ ಆಪಾದನೆ ಬರಬಾರದಲ್ಲ.

ಮರುದಿನ ಬೆಳಿಗ್ಗೆ ಕಹಿಯ ಪರೀಕ್ಷೆ, ನೊರೆಯ ಪರೀಕ್ಷೆ. ನೀರು ಕುದಿದಿದ್ದರಿಂದ ಕಹಿಯಾಯಿತು ಎಂದು ನಾಳೆ ಯಾರೂ ವಾದಿಸಬಾರದು. ಆದ್ದರಿಂದ ಕುದಿದ ನೀರನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಹುಯ್ದು, ಬೆರಳು ತಾಗಿಸಿದರೆ ತಟ್ಟನೆ ತೆಗೆಯುವಷ್ಟಿದ್ದ ಬಿಸಿಯನ್ನು ಕುಡಿಯುವ ಹದಕ್ಕೆ ಇಳಿಸಿದೆ. ಸ್ಟೀಲ್ ಡಬ್ಬಿಯ ಪುಡಿಯನ್ನು ಮೊದಲು ಚೂರೇ ಚೂರು ನೀರಲ್ಲಿ ಗಂಟಿಲ್ಲದಂತೆ ಕಲಸಿದೆ. ರಾಗಿ ಅಂಬಲಿಗೆ ಕಲಸುವ ಕೈ ನನ್ನದು. ನೊರೆ ಬರಿಸಲು ಜಪಾನಿನವರು ಬಿದಿರಿನ ಕುಂಚ ಬಳಸುತ್ತಾರಂತೆ. ನಮ್ಮಲ್ಲಿದ್ದ ಮಜ್ಜಿಗೆ ಕಡೆಯುವ ಕಡಗೋಲು ಲೋಟದೊಳಗೆ ಇಳಿಯಲಿಲ್ಲ. ಸರಿ, ಕಾಫಿಗೆ ಮಾಡುವ ಹಾಗೇ ಲೋಟವನ್ನು ಮೇಲೆತ್ತಿ, ಬಟ್ಟಲನ್ನು ಕೆಳಗಿಳಿಸಿ, ತೋಳುದ್ದ ಎಳೆದು ಹುಯ್ದೆ. ಎತ್ತಿ ಹುಯ್ಯುವುದರಲ್ಲಿ ನನಗೊಂದು ಹೆಸರಿದೆ. ಒಂದು ಹನಿಯೂ ಹೊರಗೆ ಬೀಳುವುದಿಲ್ಲ. ಅಭಿಮಾನ ಯಾವಾಗ ತಪಾಸಣೆಯನ್ನು ಮೀರಿತೋ ನನಗೇ ತಿಳಿಯಲಿಲ್ಲ. ಮತ್ತೆ ಮತ್ತೆ ಹುಯ್ದೆ. ಲೋಟದ ತುಂಬ ಎಳೆಹಸಿರು ನೊರೆ ಎದ್ದು, ಎದ್ದದ್ದು ಅಲ್ಲೇ ನಿಂತಿತು.

"ಏನ್ರೀ ಇದು!" ಎಂದಳು ವಿಶಾಲಾಕ್ಷಿ. ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಮುಖ ಕಿವುಚಲಿಲ್ಲ. ಇನ್ನೊಂದು ಗುಟುಕು. "ಅಯ್ಯೋ, ಕಹೀನೇ ಇಲ್ಲ. ಎಷ್ಟು ಹಿತವಾಗಿದೆ! ಅಗ್ಗದ್ದಾದ್ರೂ ಒಳ್ಳೇ ಮಾಲೇ ಸಿಕ್ಕಿದೆ ನೋಡಿ."

"ಇದು ಒಳ್ಳೇ ಮಾಲಲ್ಲ" ಎಂದೆ. "ಬಣ್ಣ ಮಂಕು, ತರಿ ಇದೆ. ಇಲ್ಲಿದೆ ನೋಡು ಪೊಟ್ಟಣ."

"ಕುಡಿಯೋದು ನಾನಾ, ನೀವಾ?" ಎಂದು ಅವಳು ನೊರೆಯ ಮೀಸೆ ಒರೆಸಿಕೊಂಡಳು.

ಆ ಭಾನುವಾರ ಪ್ರಮೀಳಾ ಅವರು ಮನೆಗೇ ಬಂದರು. ತಮ್ಮದು ದುಬಾರಿ ಮಾಚಾ, ಆದರೂ ವಿಶಾಲಾಕ್ಷಿ ಹೇಳಿದಷ್ಟು ಹಿತವಾಗಿ ಬರುವುದಿಲ್ಲ ಎಂದು ಅವರಿಗೆ ದೂರಿತ್ತು. ನಾನು ಗಂಟಲು ಸರಿಮಾಡಿಕೊಂಡು, ಪೊಟ್ಟಣ ಬಿಚ್ಚಿ, ಈ ಮಾಲು ಬಣ್ಣದಲ್ಲಿ ಸೋತಿದೆ, ತರಿಯಲ್ಲಿ ಸೋತಿದೆ, ಆದ್ದರಿಂದ ರಿಜೆಕ್ಟ್ ಎಂದು ತೀರ್ಪು ಓದಿದೆ. ಅವರು ಗಮನವಿಟ್ಟು ಕೇಳಿದರು.

"ಎಲ್ಲಾ ಸರಿ ಅಣ್ಣಾ, ನನಗೂ ಒಂದು ಲೋಟ ಎತ್ತಿ ಹುಯ್ದುಕೊಡಿ. ಆಮೇಲೆ ರಿಜೆಕ್ಟ್ ಮಾಡೋರಂತೆ" ಎಂದರು.

ಹುಯ್ದುಕೊಟ್ಟೆ. ಕುಡಿದರು. ಹೋಗುವಾಗ ವಿಶಾಲಾಕ್ಷಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಪುಡಿ ಯಾವುದಾದ್ರೇನು ಕಣೇ, ನಿಮ್ಮನೆಯವರ ಕೈ ಬೇಕು."

ಅವರು ಹೋದ ಮೇಲೆ ಬಾಲ್ಕನಿಯಲ್ಲಿ ಕೂತು ಯೋಚಿಸಿದೆ. ಮಾಲು ಕಳಪೆ ಎಂಬ ನನ್ನ ತೀರ್ಪಿನಲ್ಲಿ ತಪ್ಪಿರಲಿಲ್ಲ. ಆದರೆ ತರಿ ತೆಗೆದವನು ಯಾರು? ಬಿಸಿ ಹದ ಮಾಡಿದವನು ಯಾರು? ಗಂಟು ಬಿಡಿಸಿ ನೊರೆ ಎಬ್ಬಿಸಿದವನು ಯಾರು? ಯಾವ ಸೂಪರ್‌ವೈಸರ್ ಗೋಗರೆದರೂ ಅರ ಮುಟ್ಟದ ಕೈ, ಯಾರೂ ಕೇಳದೆಯೇ ಎಲ್ಲ ಗರಿಗಳನ್ನೂ ಉಜ್ಜಿ ಮಾಲು ಪಾಸು ಮಾಡಿಸಿತ್ತು.

ಅದರ ಮಾರನೆಯ ಸಂಜೆ ವಿಶಾಲಾಕ್ಷಿ ಒಂದು ಪುಟ್ಟ ಸ್ಟೀಲ್ ಫಿಲ್ಟರ್ ತಂದಳು. ಒಬ್ಬರದು. "ನಂದು ಇಷ್ಟು ಚೆನ್ನಾಗಿ ಮಾಡಿಕೊಡ್ತೀರ, ನೀವು ಮಾತ್ರ ಆ ಬಣ್ಣದ ನೀರು ಕುಡೀತೀರ. ನೋಡಕ್ಕಾಗಲ್ಲ ರೀ" ಎಂದಳು. ನಾನು ಅದನ್ನು ಬೆಳಕಿಗೆ ಹಿಡಿದು ತೂತುಗಳನ್ನು ನೋಡಿದೆ. ಸಮವಾಗಿದ್ದವು. ಅಂಚು ಸವರಿದೆ. ನಯವಾಗಿತ್ತು. ಎರಡು ಭಾಗಗಳನ್ನು ಸೇರಿಸಿ ಅಲ್ಲಾಡಿಸಿದೆ. ಬಿಗಿಯಾಗಿ ಕೂತಿತು. ಎಷ್ಟು ಹುಡುಕಿದರೂ ಒಂದು ದೋಷ ಸಿಗಲಿಲ್ಲ. ಬೆಳಿಗ್ಗೆ ಅದರಲ್ಲಿ ಇಳಿದ ಡಿಕಾಕ್ಷನ್ನು ಎಷ್ಟು ಗಟ್ಟಿಯಾಗಿ, ಎಷ್ಟು ಘಮವಾಗಿ ಇತ್ತೆಂದರೆ, ನನಗೆ ಅಳು ಬರುವುದೊಂದು ಬಾಕಿ.

ಬಾಲ್ಕನಿಯಲ್ಲಿ ಕೂತೆವು. ಅವಳ ಕೈಯಲ್ಲಿ ಹಸಿರು ನೊರೆ, ನನ್ನ ಕೈಯಲ್ಲಿ ಕಂದು ನೊರೆ. ಅವಳು ತನ್ನದನ್ನು ಮುಗಿಸಿ ಲೋಟ ಕೆಳಗಿಟ್ಟಳು. ಆಮೇಲೆ ನನ್ನ ಕಡೆ ಕೈ ಚಾಚಿದಳು.

"ಒಂದು ಗುಟುಕು ಕೊಡಿ."

"ಕಾಫಿ ಬಿಟ್ಟಿದೀಯಲ್ಲ?"

"ಬಿಟ್ಟಿದೀನಿ. ಇದು ನಿಮ್ಮ ಕಾಫಿ."

ಒಂದು ಗುಟುಕು ಎಂದವಳು ಲೋಟ ಹಿಂತಿರುಗಿಸುವಾಗ ತಳ ಕಾಣುತ್ತಿತ್ತು. ಎದೆಯುರಿಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಆದರೆ ಆ ಕ್ಷಣದಲ್ಲಿ ನನಗೆ ಪುಟ್ಟ ಫಿಲ್ಟರಿನ ದೋಷ ಸ್ಪಷ್ಟವಾಗಿ ಕಾಣಿಸಿತು: ಸಾಮರ್ಥ್ಯ ಸಾಲದು. ಈ ಮನೆಯ ಬಳಕೆಗೆ ಯೋಗ್ಯವಲ್ಲ. ರಿಜೆಕ್ಟ್. ನನ್ನ ಇಡೀ ಸೇವಾವಧಿಯಲ್ಲಿ ಯಾವ ಮಾಲನ್ನೂ ಅಷ್ಟು ಸಂತೋಷದಿಂದ ತಿರಸ್ಕರಿಸಿದ್ದು ನೆನಪಿಲ್ಲ.

ಮರುದಿನ ಬೆಳಿಗ್ಗೆ ಅಷ್ಟರಲ್ಲಿ ಹಸಿರು ವಾಸನೆ ಬಿಟ್ಟಿದ್ದ ಹಿತ್ತಾಳೆ ಫಿಲ್ಟರನ್ನು ಶೆಲ್ಫಿನಿಂದ ಮತ್ತೆ ಕೆಳಗಿಳಿಸಿ, ಇಬ್ಬರ ಪುಡಿ ಹಾಕಿದೆ. ಈಗ ನನ್ನ ದಿನಚರಿ ಹೀಗಿದೆ: ಮೊದಲು ಇಬ್ಬರ ಡಿಕಾಕ್ಷನ್, ಆಮೇಲೆ ಅವಳ ಮಾಚಾಕ್ಕೆ ನೀರು ಆರಿಸುವುದು, ಕಲಸುವುದು, ಎತ್ತಿ ಹುಯ್ಯುವುದು, ವಾರಕ್ಕೊಮ್ಮೆ ಮಲ್ಲು ಬಟ್ಟೆ ಕಟ್ಟಿ ಜರಡಿ ಹಿಡಿಯುವುದು, ಭಾನುವಾರ ಪ್ರಮೀಳಾ ಅವರದನ್ನೂ ಸೇರಿಸಿ ಮಾಡುವುದು. ಪೊಟ್ಟಣ ಮುಗಿಯುತ್ತ ಬಂದಾಗ ವಿಶಾಲಾಕ್ಷಿ, "ಈ ಸಲ ದುಬಾರಿದು ತರ್ಲಾ, ಇಲ್ಲಾ ಅದೇ ಸಾಕಾ? ನೀವೇ ನೋಡಿ ಹೇಳಿ" ಎಂದಳು. ಮಲ್ಲು ಬಟ್ಟೆಯ ಗಂಟು ಬಿಚ್ಚುತ್ತಿದ್ದ ನಾನು ತಲೆಯೆತ್ತದೆ, "ನನ್ನನ್ನು ಕೇಳಬೇಡ ಮಾರಾಯ್ತಿ, ಅದು ಇನ್ಸ್‌ಪೆಕ್ಟರನ್ನು ಕೇಳಬೇಕಾದ ಮಾತು" ಎಂದೆ. "ನಾನೀಗ ಫಿಟ್ಟರ್."